ಮನೆಗೆ ವಿಪತ್ತಿನ ಸಿದ್ಧತೆ: ನೀವು ಇಟ್ಕೊಂಡಿರೋ ಗುರಿ ಏನು, ಮುಟ್ಟಿದ್ದೆಷ್ಟು? (ಆನ್‌ಲೈನ್ ಚರ್ಚೆ; ಪ್ರತಿ ಮಾತಿನ ಮೇಲಿರೋದು ಬರೆದವರು ಇಟ್ಕೊಂಡ ಹೆಸರು)

ತಗಡಿನ ಪೆಟ್ಟಿಗೆ
ಜನವರಿ ಒಂದನೇ ತಾರೀಖು ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆ: "ಈ ವರ್ಷ ಮನೆ ವಿಪತ್ತಿಗೆ ಪೂರ್ತಿ ಸಿದ್ಧ." ಕೆಳಗೆ ಎರಡು ಗೆರೆ ಬೇರೆ.

ಹೋದ ವಾರ ರಾತ್ರಿ ಎರಡು ಗಂಟೆಗೆ ಸುಟ್ಟ ವಾಸನೆಗೆ ಎಚ್ಚರ ಆಯ್ತು. ಫ್ರಿಜ್ ಹಿಂದಿನ ಪ್ಲಗ್ ಕರಗಿ ಹೊಗೆ ಬರ್ತಿತ್ತು. ಓಡಿಹೋಗಿ ಮೇನ್ ಆಫ್ ಮಾಡಿದೆ, ಅಲ್ಲಿಗೆ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಕತ್ತಲಲ್ಲಿ ಕಳೆದ ಹತ್ತು ನಿಮಿಷ ಇದೆಯಲ್ಲ, ಅದರಲ್ಲಿ ನನ್ನ ಬಂಡವಾಳ ಎಲ್ಲ ಹೊರಗೆ ಬಂತು. ತುರ್ತು ಬ್ಯಾಗಿಂದ ಟಾರ್ಚು ತೆಗೆದೆ, ಹತ್ತಲಿಲ್ಲ. ಹಿಂದಿನ ಮುಚ್ಚಳ ತಿರುಗಿಸಿದ್ರೆ ಸೆಲ್ಲು ಸೋರಿ ಸ್ಪ್ರಿಂಗಿನ ಸುತ್ತ ಬಿಳೀ ಪುಡಿ, ಅದರ ಮೇಲೆ ಹಸಿರು ಕಿಲುಬು. ನೀರಿನ ಕ್ಯಾನ್ ಎರಡೂ ಖಾಲಿ, ಯಾವಾಗಲೋ ಗಿಡಕ್ಕೆ ಹುಯ್ದುಬಿಟ್ಟಿದ್ದೆ. ಮಗ ಎದ್ದೇ ಇಲ್ಲ. ಅದೆಲ್ಲ ಹೋಗಲಿ ಅಂದ್ರೆ ಹೆಂಡತಿ ಕೇಳಿದ್ಲು, "ನೀವು ಮನೇಲಿ ಇಲ್ದಿದ್ದಿದ್ರೆ ಆ ಮೇನ್ ಎಲ್ಲಿದೆ ಅಂತ ನಮಗೆ ಯಾರು ಹೇಳೋರು?"

ಉತ್ತರ ಇರಲಿಲ್ಲ.

ಸಾಮಾನಿನ ಪಟ್ಟಿ ದಯವಿಟ್ಟು ಹಾಕಬೇಡಿ, ನನ್ನ ಹತ್ರ ಈಗಾಗಲೇ ಐದಿವೆ. ನನ್ನ ಪ್ರಶ್ನೆ ಬೇರೆ. ಗುರಿ ಅಂತ ನೀವು ಇಟ್ಕೊಂಡಿರೋದು ಏನು? ಅದು ಮುಟ್ಟಿತು ಅಂತ ಹೇಗೆ ಗೊತ್ತಾಗುತ್ತೆ?

ಸೋಮಾರಿ ಸಂಘ
ಐದು ಪಟ್ಟಿ ಇದೆ, ಒಂದು ಸೆಲ್ಲಿಲ್ಲ. ನಮ್ಮ ಸಂಘಕ್ಕೆ ಸ್ವಾಗತ.

ಲೆಕ್ಕದ ಬುಕ್ಕು
"ಪೂರ್ತಿ ಸಿದ್ಧ" ಅನ್ನೋದು ಗುರಿ ಅಲ್ಲ ಸಾರ್, ಆಸೆ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ದಶಕಗಟ್ಟಲೆ ಇದನ್ನೇ ಕೆದಕಿದ್ರು. "ಕೈಲಾದಷ್ಟು ಮಾಡು" ಅಂದಾಗ ಜನ ಮಾಡೋದಕ್ಕಿಂತ, ಇಷ್ಟು ಅಂತ ಖಚಿತವಾಗಿ, ಸ್ವಲ್ಪ ಕಷ್ಟ ಅನ್ನೋ ಹಾಗೆ ಹೇಳಿದಾಗ ಜಾಸ್ತಿ ಮಾಡ್ತಾರೆ ಅನ್ನೋದು ಅವರು ಕಂಡುಕೊಂಡಿದ್ದು. ಎಷ್ಟು, ಯಾವತ್ತಿಗೆ, ಇವೆರಡು ಇಲ್ಲದ್ದು ಗುರಿ ಅನ್ನಿಸಿಕೊಳ್ಳಲ್ಲ.

ನೀರನ್ನೇ ತಗೊಳ್ಳಿ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಅನ್ನೋದು ಸಾಮಾನ್ಯ ಲೆಕ್ಕ, ಕುಡಿಯೋಕೆ ಮತ್ತೆ ಅಲ್ಪಸ್ವಲ್ಪ ಕೈಬಾಯಿಗೆ. ಮನೇಲಿ ನಾಲ್ಕು ಜನ, ಮೂರು ದಿನ ಅಂದ್ರೆ 48 ಲೀಟರ್. ಅಮೆರಿಕದ ರೆಡ್ ಕ್ರಾಸ್ ಮನೆ ಬಿಟ್ಟು ಹೊರಡೋಕೆ ಮೂರು ದಿನದ್ದು, ಮನೇಲೇ ಉಳಿಯೋಕೆ ಎರಡು ವಾರದ್ದು ಅನ್ನುತ್ತೆ. ಎರಡು ವಾರಕ್ಕೆ 224 ಲೀಟರ್. "15ನೇ ತಾರೀಖಿನೊಳಗೆ ಮಂಚದ ಕೆಳಗೆ 48 ಲೀಟರ್, ಡಬ್ಬಿ ಮೇಲೆ ತಾರೀಖು ಬರೆದು" ಅಂತ ಬರೀರಿ, ಮುಟ್ಟಿತೋ ಇಲ್ವೋ ಬಗ್ಗಿ ನೋಡಿದ್ರೆ ಗೊತ್ತಾಗುತ್ತೆ.

ಮೂರನೇ ಮಹಡಿ
224 ಲೀಟರ್ ಅಂದ್ರೆ 224 ಕೆಜಿ. ನಮ್ಮನೇಲಿ ಮಂಚದ ಕೆಳಗೆ ಈಗಾಗಲೇ ಸೂಟ್‌ಕೇಸು, ಹೊಲಿಗೆ ಯಂತ್ರ, ಮತ್ತೆ ಯಾರದೋ ತೊಟ್ಟಿಲು ಇದೆ. ಲಿಫ್ಟ್ ಇಲ್ಲ. ನಿಮ್ಮ ಬುಕ್ಕಲ್ಲಿ ಜಾಗಕ್ಕೊಂದು ಕಾಲಂ ಇಲ್ವಾ?

ಲೆಕ್ಕದ ಬುಕ್ಕು
ಇದೆ. ಅದಕ್ಕೇ ಮೊದಲು ಒಂದು ದಿನದ್ದು ಮಾಡಿ ಅನ್ನೋದು. 16 ಲೀಟರಿಗೆ ತೊಟ್ಟಿಲೇ ಸಾಕು.

ಅಡ್ಡಮಾತು
ಎಲ್ಲರೂ ಲೀಟರ್ ಹಿಡ್ಕೊಂಡು ಕೂತ್ರಿ. ಸ್ವಾಮಿ, ಆ ಮನುಷ್ಯನ ಮನೇಲಿ ಬೆಂಕಿ ಹತ್ತಿಕೊಳ್ಳೋದಿತ್ತು, ಬಾಯಾರಿಕೆ ಅಲ್ಲ. ಬೆಂಕಿ ಬಿದ್ದ ಮನೇಲಿ 224 ಲೀಟರ್ ಕುಡಿಯೋ ನೀರು ಇಟ್ಕೊಂಡು ಏನು ಮಾಡ್ತೀರಿ?

ಮೊದಲು ನಿಮ್ಮ ಮನೆಗೆ ಏನು ಬರಬಹುದು ಅಂತ ನೋಡಿ. ಹೊಳೆ ಪಕ್ಕ ಇದ್ದೀರಾ, ಗುಡ್ಡದ ಬುಡದಲ್ಲಾ, ಭೂಮಿ ನಡುಗೋ ಜಾಗವಾ, ಸಮುದ್ರದ ಅಂಚಾ? ಇದಕ್ಕೆ ಸರ್ಕಾರದ ನಕ್ಷೆಗಳಿರ್ತವೆ, ಅದಕ್ಕಿಂತ ಮುಂಚೆ ಬೀದಿಯ ಹಳಬರಿರ್ತಾರೆ. ನೀರು ಯಾವ ಗೋಡೆವರೆಗೆ ಬಂದಿತ್ತು ಅಂತ ಕೈಯಿಟ್ಟು ತೋರಿಸ್ತಾರೆ. ಬೆಂಕಿ ಮಾತ್ರ ಎಲ್ಲರ ಮನೆಗೂ ಬರಬಲ್ಲದು, ಅದಕ್ಕೆ ನಕ್ಷೆ ಬೇಕಿಲ್ಲ. ಸಾಮಾನು ಕೊಳ್ಳೋದು ಸುಲಭ, ಅದಕ್ಕೇ ಎಲ್ಲರೂ ಅಲ್ಲಿಂದ ಶುರು ಮಾಡ್ತಾರೆ, ಅಲ್ಲೇ ನಿಲ್ತಾರೆ.

ನೈಟ್ ಡ್ಯೂಟಿ
ಅಡ್ಡಮಾತು ಅವರ ಹೆಸರು ಹಾಗಿದ್ರೂ ಮಾತು ನೇರ ಇದೆ. ನಾನು ನಿವೃತ್ತ ನರ್ಸ್, ಸುಟ್ಟಗಾಯದ ವಾರ್ಡಲ್ಲಿ ವರ್ಷಗಟ್ಟಲೆ ಇದ್ದೆ. ನನ್ನ ಮನೆಯ ಮೊದಲ ಗುರಿ ಒಂದೇ: ನಿದ್ದೆಯಿಂದ ಎದ್ದು ಎಲ್ಲರೂ ಎರಡು ನಿಮಿಷದಲ್ಲಿ ಹೊರಗಿರಬೇಕು. ಬೆಂಕಿ ಹತ್ತಿದ ಮೇಲೆ ಕೈಲಿರೋ ಸಮಯ ಅಷ್ಟೇ ಅಂತ ಇಟ್ಕೊಳ್ಳಿ, ಕೆಲವು ಸಲ ಅದೂ ಇರಲ್ಲ.

ಮೊದಲನೇ ಸಲ ಅಭ್ಯಾಸ ಮಾಡಿದಾಗ ಎಷ್ಟಾಯ್ತು ಗೊತ್ತಾ? ಐದು ನಿಮಿಷ ಇಪ್ಪತ್ತು ಸೆಕೆಂಡು. ಯಾರೂ ಗಾಬರಿಯಾಗಿರಲಿಲ್ಲ, ಯಾರೂ ಮಲಗಿರಲೂ ಇಲ್ಲ. ಹೊರಬಾಗಿಲ ಬೀಗದ ಕೀ ಅಡುಗೆಮನೆಯ ಮೊಳೆಯಲ್ಲಿತ್ತು. ನಮ್ಮನೆಯವರು ಅಲ್ಲಿಗೆ ಹೋಗಿ, ಗೊಂಚಲಲ್ಲಿ ಏಳು ಕೀ, ಕತ್ತಲಲ್ಲಿ ಒಂದೊಂದಾಗಿ ಹಾಕಿ ನೋಡಿ... ನಿಜವಾದ ಬೆಂಕಿ ಆಗಿದ್ರೆ ಅದು ಹತ್ತೋ ಜಾಗಕ್ಕೇ ಕೀಗೋಸ್ಕರ ಹೋಗಬೇಕಿತ್ತು ನೋಡಿ. ಮಾರನೇ ದಿನ ಬಾಗಿಲ ಕೀ ಮಾತ್ರ ಬೇರೆ ಮಾಡಿ, ದಪ್ಪ ಹಗ್ಗ ಕಟ್ಟಿ, ಮಲಗೋ ಕೋಣೆ ಬಾಗಿಲ ಪಕ್ಕ ತೂಗುಹಾಕಿದೆ. ಮೂರನೇ ಸಲಕ್ಕೆ ಒಂದು ಐವತ್ತಕ್ಕೆ ಬಂತು. ಒಂದು ಮೊಳೆ, ಒಂದು ಹಗ್ಗ.

ಹೊಗೆ ಅಲಾರಂ ಇದ್ರೆ ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡಿ. ಹತ್ತು ವರ್ಷ ಆದ ಅಲಾರಂ ಕೂಗಿದ್ರೂ ಬದಲಾಯಿಸಿ, ಒಳಗಿನ ಸೆನ್ಸರ್ ಹಳತಾಗಿರುತ್ತೆ. ರಾತ್ರಿ ಮಲಗೋ ಕೋಣೆ ಬಾಗಿಲು ಮುಚ್ಚಿಕೊಳ್ಳಿ, ಹೊಗೆ ಒಳಗೆ ಬರೋದು ತಡವಾಗುತ್ತೆ.

ಮೂರನೇ ಮಹಡಿ
ಅಕ್ಕಾ, ಮಕ್ಕಳಿಗೆ ಹೆದರಿಕೆ ಆಗಲ್ವಾ? ನನ್ನ ಮಗಳು ಟಿವೀಲಿ ಬೆಂಕಿ ನೋಡಿದ್ರೇ ರಾತ್ರಿಯೆಲ್ಲ ಮಲಗಲ್ಲ.

ನೈಟ್ ಡ್ಯೂಟಿ
ನಾವೂ ಹಾಗೇ ಅಂದ್ಕೊಂಡಿದ್ವಿ. ಮೊಮ್ಮಗನ ಕೈಗೆ ಸ್ಟಾಪ್‌ವಾಚ್ ಕೊಟ್ಟೆ. ಈಗ ಅವನ ಹೆದರಿಕೆ ಹೋಗಿ ನಮಗೆ ಅವನ ಹೆದರಿಕೆ. "ಅಜ್ಜಿ, ನೀನು ಹನ್ನೊಂದು ಸೆಕೆಂಡು ಲೇಟು" ಅಂತಾನೆ. ಮಗಳಿಗೆ ಒಂದು ಕೆಲಸ ಕೊಡಿ, ಸುಮ್ಮನೆ ನೋಡ್ತಾ ಇದ್ರೆ ಹೆದರಿಕೆ ಜಾಸ್ತಿ.

ಹಳೇ ರೇಡಿಯೋ
ಎಲ್ಲರ ಮಾತೂ ಓದಿದೆ. ಒಂದು ಸೇರಿಸುತ್ತೇನೆ.

1995ರ ಜನವರಿ 17, ಜಪಾನಿನ ಕೋಬೆ ನಗರ. ಬೆಳಗಿನ ಜಾವ 5 ಗಂಟೆ 46 ನಿಮಿಷ, ಹೆಚ್ಚಿನವರು ಹಾಸಿಗೆಯಲ್ಲೇ ಇದ್ದರು. ಸತ್ತವರು 6,400ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಕುಸಿದ ಮನೆಯ ಅಡಿಯಲ್ಲಿ, ಮೈಮೇಲೆ ಉರುಳಿದ ಬೀರುಗಳ ಅಡಿಯಲ್ಲಿ ಸಿಕ್ಕಿ ಸತ್ತರು. ಹಾಗೆ ಸಿಕ್ಕಿಕೊಂಡು ಬದುಕಿದವರನ್ನು ಹೊರಗೆಳೆದವರು ಯಾರು? ಬಹುತೇಕ ಮನೆಯವರು ಮತ್ತು ಅಕ್ಕಪಕ್ಕದವರು. ಸಮವಸ್ತ್ರ ತೊಟ್ಟವರು ಅಷ್ಟು ಕಡೆ ಒಟ್ಟಿಗೇ ತಲುಪುವುದು ಸಾಧ್ಯವೇ ಇರಲಿಲ್ಲ.

ಇದನ್ನು ಓದಿದ ಮೇಲೆ ನಾನು ಎರಡೇ ಗುರಿ ಇಟ್ಟುಕೊಂಡೆ. ಮಲಗುವ ಕೋಣೆಯಲ್ಲಿ ನನ್ನ ಎದೆಗಿಂತ ಎತ್ತರದ್ದು ಯಾವುದೂ ಗೋಡೆಗೆ ಬಿಗಿಯದೆ ಇರಬಾರದು. ಎರಡು ಎಲ್ ಆಕಾರದ ಪಟ್ಟಿ, ನಾಲ್ಕು ಸ್ಕ್ರೂ, ಒಂದು ಬೀರುವಿಗೆ ಅರ್ಧ ಗಂಟೆ. ಎರಡನೆಯದು, ಎಡಕ್ಕೆರಡು ಬಲಕ್ಕೆರಡು ಮನೆಯವರ ಹೆಸರು, ಅವರಲ್ಲಿ ಯಾರಿಗೆ ನಡೆಯಲು ಆಗುವುದಿಲ್ಲ, ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಇಷ್ಟು ಗೊತ್ತಿರಬೇಕು. ಮೊದಲನೆಯದು ಒಂದು ಭಾನುವಾರದಲ್ಲಿ ಮುಗಿಯಿತು. ಎರಡನೆಯದಕ್ಕೆ ಎಂಟು ತಿಂಗಳು ಹಿಡಿಯಿತು.

ಜಪಾನಿನಲ್ಲಿ ಸೆಪ್ಟೆಂಬರ್ 1 ವಿಪತ್ತು ತಡೆ ದಿನ. 1923ರಲ್ಲಿ ಟೋಕಿಯೋ ಕಡೆ ಆದ ಮಹಾ ಭೂಕಂಪದ ದಿನವದು. ಶಾಲೆ, ಕಚೇರಿ ಎಲ್ಲ ಕಡೆ ಅಂದು ಅಭ್ಯಾಸ ನಡೆಯುತ್ತದೆ. ನಾನೂ ಆ ದಿನವನ್ನೇ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದೇನೆ. ವರ್ಷಕ್ಕೊಮ್ಮೆ ಚೀಲ ಬಿಚ್ಚಿ ಹಾಸಿಗೆ ಮೇಲೆ ಸುರಿದು ನೋಡುವುದು.

ಸೋಮಾರಿ ಸಂಘ
ಪಕ್ಕದ ಮನೆಯವರ ವೈಫೈ ಹೆಸರು ಗೊತ್ತು ಸರ್. ಅವರ ಹೆಸರು ಗೊತ್ತಿಲ್ಲ.

ಹಳೇ ರೇಡಿಯೋ
ಅಲ್ಲಿಂದಲೇ ಶುರು ಮಾಡಪ್ಪ.

ಬೆಕ್ಕಿನ ಯಜಮಾನ
ನೀರಿನ ವಿಚಾರಕ್ಕೆ ಇಷ್ಟೊಂದು ತಲೆಬಿಸಿ ಯಾಕೆ? ಬ್ಲೀಚ್ ಇದ್ದೇ ಇರುತ್ತಲ್ಲ. ಯಾವ ನೀರಾದ್ರೂ ಸರಿ, ಬಕೆಟ್ಟಿಗೆ ಒಂದು ಮುಚ್ಚಳದಷ್ಟು ಬ್ಲೀಚ್ ಹಾಕಿದ್ರೆ ಆಯ್ತು, ಕುಡೀಬಹುದು.

ನೈಟ್ ಡ್ಯೂಟಿ
ಅಯ್ಯೋ, ಬೇಡಪ್ಪಾ! ಇದನ್ನ ಓದಿ ಯಾರಾದ್ರೂ ಹಾಗೇ ಮಾಡಿಯಾರು.

ಕುದಿಸೋಕೆ ಆಗೋದಾದ್ರೆ ಕುದಿಸಿ. ಮಳ್ಳಿದ ಮೇಲೆ ಒಂದು ನಿಮಿಷ ಬಿಡಿ. 2,000 ಮೀಟರಿಗಿಂತ ಎತ್ತರದ ಜಾಗ ಆದ್ರೆ ಮೂರು ನಿಮಿಷ, ಅಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತೆ. ಕುದಿಸೋಕೆ ಆಗದಿದ್ರೆ ಮಾತ್ರ ಬ್ಲೀಚ್. ಅದೂ ಸುವಾಸನೆ ಸೇರಿಸದ, ಬಣ್ಣದ ಬಟ್ಟೆಗೆ ಅಂತ ಮಾರೋದಲ್ಲದ, ಮಾಮೂಲಿ ದ್ರಾವಣ. ಸೋಡಿಯಂ ಹೈಪೋಕ್ಲೋರೈಟ್ 5–6 ಪರ್ಸೆಂಟಿನದು. ಲೀಟರಿಗೆ ಎರಡು ಹನಿ. ಮುಚ್ಚಳ ಅಲ್ಲ, ಹನಿ. ಕಲಕಿ ಅರ್ಧ ಗಂಟೆ ಬಿಡಿ. ನೀರು ಕದಡಿದ್ರೆ ಮೊದಲು ಬಟ್ಟೇಲಿ ಸೋಸಿ, ಆಮೇಲೆ ನಾಲ್ಕು ಹನಿ. ಬಾಟಲಿ ಮೇಲೆ ಪರ್ಸೆಂಟ್ ಬೇರೆ ಇದ್ರೆ ಹನಿ ಲೆಕ್ಕವೂ ಬೇರೆ. ಹಳೇ ಬಾಟಲಿ ಶಕ್ತಿ ಕಳಕೊಂಡಿರುತ್ತೆ. ಬೇರೆ ಯಾವ ಕ್ಲೀನರ್ ಜೊತೆಗೂ ಅದನ್ನ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ.

"ಯಾವ ನೀರಾದ್ರೂ" ಅಂದ್ರಲ್ಲ, ಪೆಟ್ರೋಲೋ ಕೀಟನಾಶಕವೋ ಸೇರಿದ ನೀರಿಗೆ ಕುದಿಸೋದೂ ಬ್ಲೀಚೂ ಎರಡೂ ನಡೆಯಲ್ಲ. ಪ್ರವಾಹದ ನೀರಲ್ಲಿ ಏನಿರುತ್ತೆ ಅಂತ ಯಾರಿಗೆ ಗೊತ್ತು? ಅದಕ್ಕೇ ಮೊದಲೇ ತುಂಬಿಡಿ ಅನ್ನೋದು.

ಬೆಕ್ಕಿನ ಯಜಮಾನ
ಸರಿ ಅಕ್ಕ, ತಪ್ಪಾಯ್ತು. ಬೆಕ್ಕಿಗೂ ಇದೇ ನೀರು ನಡೆಯುತ್ತಾ?

ನೈಟ್ ಡ್ಯೂಟಿ
ನಿಮಗೆ ಕುಡಿಯೋಕೆ ಲಾಯಕ್ಕಾದ್ರೆ ಅದಕ್ಕೂ ಲಾಯಕ್ಕು. ಕುಡಿಯುತ್ತೋ ಬಿಡುತ್ತೋ ಅದರಿಷ್ಟ.

ಲೆಕ್ಕದ ಬುಕ್ಕು
ಟಾರ್ಚಿನ ವಿಚಾರ ಯಾರೂ ಎತ್ತಲಿಲ್ಲ. ಮೂಲ ಪ್ರಶ್ನೆ ಅಲ್ಲೇ ಶುರುವಾಗಿದ್ದು. ಆಲ್ಕಲೈನ್ ಸೆಲ್ಲನ್ನ ಟಾರ್ಚೊಳಗೆ ಹಾಕಿ ತಿಂಗಳುಗಟ್ಟಲೆ ಇಟ್ರೆ ಸೋರಬಹುದು. ಸೆಲ್ಲು ಹೊರಗೆ ತೆಗೆದು, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಟಾರ್ಚಿಗೇ ರಬ್ಬರ್ ಬ್ಯಾಂಡ್ ಸುತ್ತಿಡಿ.

ಅಡ್ಡಮಾತು
ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ನಡುಗೋ ಕೈಲಿ, ಪ್ಲಸ್ಸು ಯಾವ ಕಡೆ ಮೈನಸ್ಸು ಯಾವ ಕಡೆ ಅಂತ ತಡಕಾಡಿ ಸೆಲ್ಲು ಹಾಕಬೇಕಾ? ಆ ಲೈಟು ಹಾಕೋಕೆ ಇನ್ನೊಂದು ಲೈಟು ಬೇಕು. ದಿನಾ ಬಳಸೋ ಟಾರ್ಚು ಹಾಸಿಗೆ ಪಕ್ಕ ಇಡಿ. ದಿನಾ ಬಳಸಿದ್ರೆ ಕೆಟ್ಟಿದ್ದು ಅವತ್ತೇ ಗೊತ್ತಾಗುತ್ತೆ. ತಲೆಗೆ ಕಟ್ಟೋ ಲೈಟ್ ಆದ್ರೆ ಇನ್ನೂ ಒಳ್ಳೇದು, ಎರಡು ಕೈ ಖಾಲಿ ಇರುತ್ತೆ.

ಸೋಮಾರಿ ಸಂಘ
ಮೇಣದಬತ್ತಿಗೆ ಏನಾಗಿದೆ? ಸೋರಲ್ಲ, ಪ್ಲಸ್ ಮೈನಸ್ ಇಲ್ಲ.

ನೈಟ್ ಡ್ಯೂಟಿ
ಗ್ಯಾಸ್ ಸೋರ್ತಿದ್ರೆ? ನಿದ್ದೆ ಬಂದ್ರೆ? ಪಕ್ಕದಲ್ಲಿ ಪರದೆ ಇದ್ರೆ? ಮೇಣದಬತ್ತಿಯಿಂದ ವಾರ್ಡಿಗೆ ಬಂದವರನ್ನ ನಾನು ನೋಡಿದ್ದೀನಿ. ಗ್ಯಾಸ್ ವಾಸನೆ ಬಂದ್ರೆ ಬೆಂಕಿಕಡ್ಡಿ ಇರಲಿ, ಲೈಟಿನ ಸ್ವಿಚ್ಚೂ ಮುಟ್ಟಬಾರದು. ಆನೂ ಬೇಡ, ಆಫೂ ಬೇಡ. ಕಿಟಕಿ ಬಾಗಿಲು ತೆಗೆದು ಹೊರಗೆ.

ಅಪ್ಪನ ಮಗಳು
ಬಹಳ ದಿನದಿಂದ ಓದ್ತಿದ್ದೆ, ಬರೀತಿರೋದು ಇದೇ ಮೊದಲು.

ನಮ್ಮನೇಲಿ ನಾನು, ಅಣ್ಣ, ಅಪ್ಪ. ಅಪ್ಪನಿಗೆ 78, ಇನ್ಸುಲಿನ್ ತಗೋತಾರೆ, ಮೆಟ್ಟಿಲು ಇಳಿಯೋಕೆ ಒಬ್ಬರು ಹಿಡ್ಕೋಬೇಕು. ಎರಡು ವರ್ಷದ ಹಿಂದೆ ನನಗೇ ಜ್ವರ ಬಂದು ಆಸ್ಪತ್ರೆ ಸೇರಿದೆ. ಅಪ್ಪನನ್ನ ಅಣ್ಣ ನೋಡ್ಕೊಂಡ, ಪಾಪ, ಒಳ್ಳೆಯವನೇ. ಬೆಳಗ್ಗೆ ಯಾವ ಪೆನ್ನು, ರಾತ್ರಿ ಯಾವ ಪೆನ್ನು, ಎಷ್ಟು ಯೂನಿಟ್ಟು ಒಂದೂ ಗೊತ್ತಿಲ್ಲ. ನಾನು ಡ್ರಿಪ್ ಹಾಕಿಸ್ಕೊಂಡು ಫೋನಲ್ಲಿ ಹೇಳ್ತಿದ್ದೆ. ಫ್ರಿಜ್ ಬಾಗಿಲು ತೆಗೆದು ನಿಂತು "ನೀಲಿ ಮುಚ್ಚಳದ್ದಾ, ಕಿತ್ತಳೆ ಮುಚ್ಚಳದ್ದಾ" ಅಂತ ಕೇಳ್ತಿದ್ದ. ಅವತ್ತು ಭೂಕಂಪ ಇರಲಿಲ್ಲ, ಪ್ರವಾಹ ಇರಲಿಲ್ಲ. ನನಗೆ ಬರೀ 103 ಜ್ವರ.

ಹಾಗಾಗಿ ನನ್ನ ಗುರಿ ಲೀಟರಲ್ಲಿ ಇಲ್ಲ, ನಿಮಿಷದಲ್ಲೂ ಇಲ್ಲ. ನಾನಿಲ್ಲದಾಗ ಬೇರೆ ಒಬ್ಬರು ಅಪ್ಪನನ್ನ ಒಂದು ವಾರ ನೋಡ್ಕೊಳ್ಳೋ ಹಾಗಿರಬೇಕು, ನನಗೆ ಒಂದೂ ಫೋನ್ ಮಾಡದೆ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೀನಿ: ಔಷಧಿ ಹೆಸರು, ಎಷ್ಟು, ಯಾವಾಗ, ಡಾಕ್ಟರ ನಂಬರ್, ಅಲರ್ಜಿ. ಒಂದು ವಾರದ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರುತ್ತೆ. ಹೊಸ ಡಬ್ಬಿ ಹಿಂದಕ್ಕೆ, ಹಳೇದು ಮುಂದಕ್ಕೆ. ಪರೀಕ್ಷೆ ಹೇಗೆ ಅಂದ್ರೆ, ಹೋದ ತಿಂಗಳು ಎರಡು ದಿನ ನಾನು ಬೇಕಂತಲೇ ಗೆಳತಿ ಮನೆಗೆ ಹೋಗಿ ಫೋನ್ ಆಫ್ ಮಾಡಿಟ್ಟೆ. ಅಣ್ಣ ಪಾಸು. ಅಪ್ಪ ಮಾತ್ರ "ಇವಳಿಗಿಂತ ಅವನೇ ವಾಸಿ, ಬಯ್ಯಲ್ಲ" ಅಂದ್ರು.

ತಗಡಿನ ಪೆಟ್ಟಿಗೆ
ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೆಂಡತಿ ಕೇಳಿದ್ದೂ ಇದನ್ನೇ ಅಲ್ವಾ.

ಮೂರನೇ ಮಹಡಿ
ಅಕ್ಕಾ, ಕರೆಂಟು ಹೋದ್ರೆ ಇನ್ಸುಲಿನ್ ಕತೆ ಏನು?

ಅಪ್ಪನ ಮಗಳು
ಬಳಸೋಕೆ ತೆರೆದದ್ದು ಸಾಮಾನ್ಯವಾಗಿ ಕೋಣೆಯ ಶಾಖದಲ್ಲಿ 28 ದಿನದವರೆಗೆ ಇರುತ್ತೆ, ತುಂಬಾ ಸೆಕೆ ಇರಬಾರದು, ಬಿಸಿಲು ಬೀಳಬಾರದು. ಕೆಲವು ಬಗೆಗೆ ದಿನದ ಲೆಕ್ಕ ಬೇರೆ, ಡಬ್ಬಿಯೊಳಗಿನ ಚೀಟಿ ನೋಡಿ. ತೆರೆಯದ್ದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಐಸಿನ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ. ನಿಮ್ಮ ಡಾಕ್ಟರನ್ನ ಈಗಲೇ ಕೇಳಿ ಬರೆದಿಟ್ಕೊಳ್ಳಿ.

ಲೆಕ್ಕದ ಬುಕ್ಕು
ಫ್ರಿಜ್ ಬಗ್ಗೆ ಒಂದು ಲೆಕ್ಕ. ಬಾಗಿಲು ತೆಗೆಯದೇ ಇದ್ರೆ ಸುಮಾರು 4 ಗಂಟೆ ತಣ್ಣಗಿರುತ್ತೆ. ಫ್ರೀಜರ್ ತುಂಬಿದ್ರೆ 48 ಗಂಟೆ, ಅರ್ಧ ಇದ್ರೆ 24. ಊರಿಗೆ ಹೋಗೋ ಮುಂಚೆ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ರೆ ಸರಿ. ತಳದಲ್ಲಿದ್ರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಎಸೆದುಬಿಡಿ.

ಸೋಮಾರಿ ಸಂಘ
ಈ ನಾಣ್ಯದ ಉಪಾಯ ಒಂದು ಮಾಡಬಲ್ಲೆ. ಆರಂಭ ಆಯ್ತು.

ಅಡ್ಡಮಾತು
ಜನರೇಟರ್ ಇಟ್ಟವರು ಯಾರಾದ್ರೂ ಇದ್ದೀರಾ? ಅದನ್ನ ಮನೆಯೊಳಗೆ, ಗ್ಯಾರೇಜಲ್ಲಿ, ಬಾಲ್ಕನೀಲಿ ಹಚ್ಚಬೇಡಿ. ಹೊರಗೆ, ಕಿಟಕಿ ಬಾಗಿಲಿಂದ ಆರು ಮೀಟರ್ ದೂರದಲ್ಲಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಂಡಮಾರುತದಲ್ಲಿ ಬದುಕಿಕೊಂಡು, ಆಮೇಲೆ ಜನರೇಟರ್ ಹೊಗೆಗೆ ಮಲಗಿದಲ್ಲೇ ಸತ್ತವರಿದ್ದಾರೆ. ಕೋಣೆಯೊಳಗೆ ಕೆಂಡ ಇಟ್ಕೊಳ್ಳೋದೂ ಅದೇ ಕತೆ.

ಇನ್ನೊಂದು. ಎಲ್ಲರೂ "ಏನು ಇಟ್ಕೋಬೇಕು" ಅಂತೀರಿ. ಯಾವಾಗ ಹೊರಡಬೇಕು ಅನ್ನೋದನ್ನ ಯಾರು ಬರೆದಿಟ್ಟಿದ್ದೀರಿ? ನೀರು ಹೊಸಿಲಿಗೆ ಬಂದಾಗ ಮನೇಲಿ ಚರ್ಚೆ ಶುರುವಾದ್ರೆ ಮುಗೀತು. ಒಬ್ಬರು ಹೋಗೋಣ ಅಂತಾರೆ, ಒಬ್ಬರು ಇಳಿಯುತ್ತೆ ಬಿಡು ಅಂತಾರೆ. ಹರಿಯೋ ನೀರು 15 ಸೆಂಟಿಮೀಟರ್ ಇದ್ರೇ ನಿಂತವರನ್ನ ಬೀಳಿಸಬಲ್ಲದು, 30 ಇದ್ರೆ ಸಣ್ಣ ಕಾರನ್ನ ತೇಲಿಸಿಕೊಂಡು ಹೋಗುತ್ತೆ. ಕಾರಿನ ಭಾರ ನಂಬ್ಕೊಂಡು ಇಳಿದವರ ಕತೆ ಪ್ರತಿ ಮಳೆಗಾಲಕ್ಕೂ ಇದ್ದದ್ದೇ. ನಮ್ಮನೇಲಿ ಲೈಟ್ ಕಂಬದ ಮೇಲೆ ನಾನು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೀನಿ. ನೀರು ಅಲ್ಲಿಗೆ ಮುಟ್ಟಿದ್ರೆ ಹೊರಡೋದು. ಆ ಗೆರೆ ಮುಂದೆ ಯಾರ ವಾದವೂ ನಡೆಯಲ್ಲ, ನನ್ನದೂ ಸೇರಿ.

ಮೂರನೇ ಮಹಡಿ
ನಿಮ್ಮ ವಾದ ನಡೆಯದ ಜಾಗ ಒಂದಿದೆ ಅಂತ ತಿಳಿದು ಸಂತೋಷ ಆಯ್ತು.

ಹಳೇ ರೇಡಿಯೋ
ಆ ಗೆರೆಯ ಮಾತು ಬಹಳ ಸರಿ. ಇಂಡೋನೇಷ್ಯಾದ ಸಿಮೆಲುಯೆ ಎಂಬ ದ್ವೀಪದವರು ಇದನ್ನು ಗೆರೆಯಿಲ್ಲದೆ, ಮಾತಿನಲ್ಲೇ ಮಾಡಿದರು. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಂದಿನಿಂದ ಅಜ್ಜಿಯರು ಮಕ್ಕಳಿಗೆ ಕಥೆಯಾಗಿ, ಪದವಾಗಿ ಹೇಳುತ್ತ ಬಂದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ. ಸುನಾಮಿಗೆ ಅವರ ಮಾತಿನಲ್ಲಿ "ಸ್ಮೊಂಗ್" ಎನ್ನುತ್ತಾರೆ. 2004ರ ಡಿಸೆಂಬರ್ 26ರ ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರವಿದ್ದದ್ದು ಆ ದ್ವೀಪ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಸೈರನ್ ಇರಲಿಲ್ಲ. ಯಾರೋ "ಸ್ಮೊಂಗ್" ಎಂದು ಕೂಗಿದರು, ಎಲ್ಲರೂ ಓಡಿದರು.

ಲೆಕ್ಕದ ಬುಕ್ಕು
ಸರ್ ಹೇಳಿದ್ದಕ್ಕೂ ಮನಶ್ಶಾಸ್ತ್ರದಲ್ಲಿ ಆಧಾರ ಇದೆ (ಬೈಬೇಡಿ). ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದಿದ್ದು: "ಇಂಥದ್ದು ಆದರೆ ಇಂಥದ್ದು ಮಾಡ್ತೀನಿ" ಅಂತ ಮೊದಲೇ ಜೋಡಿ ಕಟ್ಟಿಟ್ಟವರು, ಬರೀ "ಮಾಡಬೇಕು" ಅಂದ್ಕೊಂಡವರಿಗಿಂತ ಹೆಚ್ಚು ಮಾಡಿ ಮುಗಿಸ್ತಾರೆ. ನಾನು ಚಿಕ್ಕ ಕೆಲಸಕ್ಕೂ ಹೀಗೇ ಕಟ್ಟಿದ್ದೀನಿ. ಕರೆಂಟ್ ಬಿಲ್ ಕಟ್ಟಿದ ದಿನ ಪವರ್ ಬ್ಯಾಂಕ್ ಚಾರ್ಜು. ಮಕ್ಕಳ ಹುಟ್ಟುಹಬ್ಬದ ದಿನ ಬ್ಯಾಗಲ್ಲಿರೋ ಅವರ ಬಟ್ಟೆ ಹಾಕಿ ನೋಡೋದು. ಒಂದು ವರ್ಷದ ಹಿಂದಿನ ಪ್ಯಾಂಟು ಮೊಣಕಾಲಿಗೆ ಬಂದಿತ್ತು.

ಮೂರನೇ ಮಹಡಿ
ಒಂದು ಪ್ರಶ್ನೆ, ಫೋನ್ ನೋಡದೆ ಹೇಳಿ: ನಿಮಗೆ ಬಾಯಿಪಾಠ ಇರೋ ನಂಬರ್ ಎಷ್ಟು? ನನಗೆ ಎರಡು. ಒಂದು ನನ್ನದು. ಇನ್ನೊಂದು ಇಪ್ಪತ್ತು ವರ್ಷದ ಹಿಂದೆ ಇದ್ದ ಲ್ಯಾಂಡ್‌ಲೈನು.

ಸೋಮಾರಿ ಸಂಘ
ನನಗೆ ನನ್ನದೂ ಬರಲ್ಲ. ಹೆಂಡತಿ ನಂಬರ್ ಕೊನೆಗೆ 7 ಇದೆ ಅಂತ ನೆನಪು.

ಅಪ್ಪನ ಮಗಳು
ಮೂರು ನಂಬರ್ ಬಾಯಿಪಾಠ, ಅದು ನಮ್ಮನೇಲಿ ಆ ತಿಂಗಳ ಗುರಿ ಆಗಿತ್ತು. ಅದರಲ್ಲಿ ಒಂದು ದೂರದೂರಲ್ಲಿರೋ ಚಿಕ್ಕಮ್ಮನದು. ಇಲ್ಲಿ ಎಲ್ಲರ ಫೋನೂ ಒಟ್ಟಿಗೆ ಜಾಮ್ ಆದ್ರೂ ಹೊರಗಿನೂರಿಗೆ ಸಿಗೋ ಸಾಧ್ಯತೆ ಇರುತ್ತೆ. ಎಲ್ಲರೂ ಅವರಿಗೇ ಹೇಳೋದು, ಅವರು ಉಳಿದವರಿಗೆ ದಾಟಿಸೋದು. ಕಾಲ್ ಹೋಗದಿದ್ರೂ ಮೆಸೇಜ್ ಹೋಗಿರುತ್ತೆ, ಅದಕ್ಕೆ ನೆಟ್‌ವರ್ಕ್ ಕಡಿಮೆ ಸಾಕು. ಪರ್ಸಲ್ಲಿ ಒಂದು ಚೀಟಿಯೂ ಇದೆ. ಅಪ್ಪ ಚಿಕ್ಕಮ್ಮನ ನಂಬರನ್ನ ರಾಗ ಹಾಕಿ ಹೇಳ್ತಾರೆ.

ತಗಡಿನ ಪೆಟ್ಟಿಗೆ
ಎಲ್ಲ ಓದಿ ಡೈರಿಯ ಆ ಹಾಳೆ ಹರಿದುಹಾಕಿದೆ. ಹೊಸದಾಗಿ ಬರೆದಿದ್ದು ಮೂರೇ:

ಶನಿವಾರದೊಳಗೆ ಹೆಂಡತಿ, ಮಗ, ಅಮ್ಮ ಮೂವರೂ ಕತ್ತಲಲ್ಲಿ ಮೇನ್ ಆಫ್ ಮಾಡಿ ತೋರಿಸಬೇಕು. ಭಾನುವಾರ ಬೆಳಗ್ಗೆ ನಾನು ಹೇಳದೆ ಕೇಳದೆ ಗಂಟೆ ಬಾರಿಸ್ತೀನಿ, ಎರಡು ನಿಮಿಷದಲ್ಲಿ ಎಲ್ಲರೂ ಗೇಟಿನ ಹೊರಗೆ. ಅವತ್ತಿಗೆ 12 ಲೀಟರ್ ನೀರು ಮನೇಲಿರಬೇಕು. ಬೀರು ಬಿಗಿಯೋದು ಮುಂದಿನ ತಿಂಗಳು. ಉಳಿದದ್ದೆಲ್ಲ ಈ ವರ್ಷಕ್ಕೆ ಬೇಡ, ಕೈಬಿಟ್ಟೆ.

ಲೆಕ್ಕದ ಬುಕ್ಕು
12 ಅಂದ್ರೆ ನಾಲ್ಕು ಜನಕ್ಕೆ ಒಂದು ದಿನಕ್ಕೂ ಸಾಲಲ್ಲ...

ನೈಟ್ ಡ್ಯೂಟಿ
ಬುಕ್ಕು ಮುಚ್ಚಪ್ಪಾ. ಇವತ್ತಿಗೆ ಅವರ ಹತ್ರ ಇರೋದು ಸೊನ್ನೆ.

ಅಡ್ಡಮಾತು
ಮೇನ್ ಬಗ್ಗೆ ಒಂದು ಮಾತು ಮನೆಯವರಿಗೆ ಕಲಿಸೋವಾಗಲೇ ಹೇಳಿ. ಕಾಲ ಕೆಳಗೆ ನೀರು ನಿಂತಿದ್ರೆ, ಕೈ ಒದ್ದೆ ಇದ್ರೆ ಬೋರ್ಡಿನ ಹತ್ರ ಹೋಗಲೇಬಾರದು. ನೀರು ನುಗ್ಗೋ ಮುಂಚೆ ಆಫ್ ಮಾಡೋದು, ನುಗ್ಗಿದ ಮೇಲೆ ಬಿಟ್ಟು ಹೋಗೋದು. ಹೊಗೆ ತುಂಬಿದ್ರೂ ಅಷ್ಟೇ, ಮೇನ್ ಹುಡುಕ್ತಾ ಕೂರಬೇಡಿ.

ಬೆಕ್ಕಿನ ಯಜಮಾನ
ಬೆಕ್ಕನ್ನ ಬುಟ್ಟಿಗೆ ಹಾಕೋಕೆ ಯಾರಿಗಾದ್ರೂ ಉಪಾಯ ಗೊತ್ತಾ? ಅಭ್ಯಾಸ ಮಾಡಿದೆ. ನಾನು ಹೊರಗೆ ಬಂದಿದ್ದು ನಲವತ್ತು ಸೆಕೆಂಡಿಗೆ. ಬೆಕ್ಕು ಅಟ್ಟದ ಮೇಲೆ.

ಅಪ್ಪನ ಮಗಳು
ಬುಟ್ಟಿ ಯಾವಾಗಲೂ ಹೊರಗೇ ತೆರೆದಿಡಿ, ಒಳಗೆ ಹಳೇ ಬಟ್ಟೆ ಹಾಕಿ, ಅಲ್ಲೇ ತಿನ್ನೋಕೆ ಕೊಡಿ. ಡಾಕ್ಟರ ಹತ್ರ ಹೋಗೋ ದಿನ ಮಾತ್ರ ಬುಟ್ಟಿ ತೆಗೆದ್ರೆ ಯಾವ ಬೆಕ್ಕು ತಾನೇ ಬರುತ್ತೆ?

ತಗಡಿನ ಪೆಟ್ಟಿಗೆ
ಭಾನುವಾರದ ವರದಿ.

ಬೆಳಗ್ಗೆ ಐದೂವರೆಗೆ ತಟ್ಟೆ ಬಡಿದೆ. ಮೂರು ನಿಮಿಷ ನಲವತ್ತು ಸೆಕೆಂಡು. ಹೆಂಡತಿ ಎಲ್ಲರಿಗಿಂತ ಮುಂಚೆ ಹೊರಗೆ, ಹೋಗ್ತಾ ಮೇನ್ ಬೇರೆ ಆಫ್ ಮಾಡಿದ್ಲು, ತಿರುಗಿ ಕೂಡ ನೋಡಲಿಲ್ಲ. ಮಗ ಕೂತು ಶೂ ಹಾಕಿ ಲೇಸು ಕಟ್ಟಿದ, ಎರಡೂ ಕಾಲಿಗೆ, ನೀಟಾಗಿ. ಅಮ್ಮ ಬಾಗಿಲವರೆಗೆ ಬಂದವರು ಕನ್ನಡಕಕ್ಕೆ ಅಂತ ವಾಪಸ್ ಹೋದ್ರು. ಈಗ ಅವರ ಕನ್ನಡಕ ಒಂದು ಡಬ್ಬಿಯಲ್ಲಿ ಹಾಕಿ ಮಂಚದ ಕಾಲಿಗೆ ಕಟ್ಟಿದ್ದೀವಿ. ನಾಲ್ಕೂ ಜನ ಗೇಟಿನ ಹೊರಗೆ ನಿಂತ ಮೇಲೆ ನೋಡ್ತೀನಿ, ನನ್ನ ಕೈಲಿ ತಟ್ಟೆ ಇದೆ, ತುರ್ತು ಬ್ಯಾಗು ಒಳಗೇ ಇದೆ.

ಸದ್ದಿಗೆ ಎದುರುಮನೆಯವರು ಬನಿಯನ್ನಲ್ಲೇ ಓಡಿ ಬಂದ್ರು, ಏನಾಯ್ತು ಅಂತ. ವಿಷಯ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. "ಮುಂದಿನ ಸಲ ನಮಗೂ ಹೇಳಿ, ನಮ್ಮಮ್ಮ ಹಾಸಿಗೆ ಹಿಡಿದಿದ್ದಾರೆ, ಹೇಗೆ ಹೊರಗೆ ತರೋದು ಅಂತ ನನಗೂ ನೋಡಬೇಕಿತ್ತು" ಅಂದ್ರು. ಐದು ವರ್ಷದಿಂದ ಎದುರಿಗಿದ್ದೀವಿ, ಅಮ್ಮ ಇದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ.

ಹಳೇ ರೇಡಿಯೋ
ಯಾವ ಕೋಣೆ ಎಂದು ಕೇಳಿಟ್ಟುಕೊಂಡಿರಾ?

ತಗಡಿನ ಪೆಟ್ಟಿಗೆ
ಒಳಗೇ ಕರ್ಕೊಂಡು ಹೋಗಿ ತೋರಿಸಿದ್ರು ಸರ್. ಹಿಂದಿನ ಕೋಣೆ, ಕಿಟಕಿ ಪಕ್ಕ.

ಲೆಕ್ಕದ ಬುಕ್ಕು
ನೀರು?

ತಗಡಿನ ಪೆಟ್ಟಿಗೆ
ಎಂಟು ಲೀಟರ್ ಇದೆ. ನಾಲ್ಕು ಗಿಡಕ್ಕೆ ಹೋಯ್ತು.